ನಿವೃತ್ತ ಯೋಧನ ಮನಸ್ಸನ್ನು ಅರಿಯೋಣ

ಬೆಳಗಾವಿ ಹಾಗೂ ಕೊಡಗು ಜಿಲ್ಲೆಗಳ ಅನೇಕ ಮನೆತನಗಳಿಂದ ತಲೆಮಾರುಗಳಿಂದಲೂ ಮಕ್ಕಳು ಸೇನೆಗೆ ಸೇರುತ್ತ ಬಂದಿದ್ದಾರೆ. ಯೋಧನು ಸೇವೆ ಮುಗಿಸಿ ಊರಿಗೆ ಮರಳಿದ ದಿನ ನಾವು ಹಾರ ಹಾಕಿ ಮೆರವಣಿಗೆ ಮಾಡುತ್ತೇವೆ. ಆರು ತಿಂಗಳ ಬಳಿಕ ಅವನ ಮನಸ್ಸು ಹೇಗಿದೆಯೆಂದು ಕೇಳುವವರು ವಿರಳ.

ಸಿಪಾಯಿಯಾಗಿ ಸೇರಿದವನು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತನಾಗುತ್ತಾನೆ. ಅಲ್ಲಿಯವರೆಗೆ ಅವನು ಏಳುವ, ಉಣ್ಣುವ, ದುಡಿಯುವ, ಮಲಗುವ ವೇಳೆಯನ್ನು ಸೇನೆಯೇ ಗೊತ್ತುಪಡಿಸಿರುತ್ತದೆ. ಆ ಕಟ್ಟು ಕಳಚಿದೊಡನೆ ಕೆಲವರಲ್ಲಿ ಮರೆವು, ಚಡಪಡಿಕೆ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು, ಕ್ಷಣಾರ್ಧದಲ್ಲಿ ಉಕ್ಕುವ ಕೋಪ ತಲೆದೋರುತ್ತವೆ. ‘ಪಿಂಚಣಿ ಬರುತ್ತದೆ, ಸೋಮಾರಿಯಾದ’ ಎಂದು ನಾವು ತೀರ್ಪು ನೀಡಿಬಿಡುತ್ತೇವೆ.

ಇಂಥವರಲ್ಲಿ ಕೆಲವರಿಗೆ ವೈದ್ಯರು ಎಡಿಎಚ್‌ಡಿ ಎಂದು ಕರೆಯುವ, ಅವಧಾನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ ಇರಬಹುದು. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದುದು, ನಡತೆಯ ದೋಷವಲ್ಲ. ಇದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ತೋರುತ್ತವೆ, ಅನೇಕರಲ್ಲಿ ಪ್ರೌಢ ವಯಸ್ಸಿನಲ್ಲಿಯೂ ಉಳಿಯುತ್ತವೆ. ಸೇನೆಯ ಶಿಸ್ತು ಅದನ್ನು ವರ್ಷಗಟ್ಟಲೆ ಮರೆಮಾಡಿರಬಹುದು.

ಯುದ್ಧದ ಆಘಾತದಿಂದಲೂ ನಿದ್ರಾಹೀನತೆ, ಸಿಡುಕು, ಏಕಾಗ್ರತೆಯ ಕೊರತೆ ಉಂಟಾಗುತ್ತವೆ. ಆದರೆ ಆಘಾತದ ಬೇನೆ ಒಂದು ಘಟನೆಯ ನಂತರ ಹುಟ್ಟುತ್ತದೆ. ದುಃಸ್ವಪ್ನಗಳೂ ಮರುಕಳಿಸುವ ನೆನಪುಗಳೂ ಅದರೊಡನೆ ಬರುತ್ತವೆ. ಎಡಿಎಚ್‌ಡಿಯ ಬೇರು ಬಾಲ್ಯದಲ್ಲಿದೆ. ಎರಡೂ ಒಬ್ಬನಲ್ಲಿಯೇ ಇರಲೂಬಹುದು. ಖಿನ್ನತೆ, ಮದ್ಯವ್ಯಸನಗಳು ಸೇರಿಕೊಂಡರೆ ಮೂಲವು ಇನ್ನಷ್ಟು ಮಸುಕಾಗುತ್ತದೆ. ಕುಡಿತವನ್ನು ಮಾತ್ರ ಬಿಡಿಸಿ ಒಳಗಿನ ಬೇನೆಯನ್ನು ಹಾಗೆಯೇ ಬಿಟ್ಟರೆ ವ್ಯಸನವು ಮರಳುವ ಅಪಾಯವಿದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಮಾಜಿ ಸೈನಿಕನ ಮನಸ್ಸನ್ನು ಪರೀಕ್ಷಿಸುವಾಗ ರಣರಂಗದ ಕತೆಯನ್ನು ಮಾತ್ರವಲ್ಲ, ಶಾಲೆಯ ದಿನಗಳ ಕತೆಯನ್ನೂ ಕೇಳಬೇಕು. ತಾಯಿ, ಅಕ್ಕ, ಅಣ್ಣ ಅದನ್ನು ಹೇಳಬಲ್ಲರು. 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸಾಲಯಗಳಲ್ಲಿ ಈ ಪ್ರಶ್ನೆ ವಾಡಿಕೆಯಾಗಲಿ. ರೋಗವನ್ನು ಗುರುತಿಸಿದರೆ ಔಷಧಿ, ಆಪ್ತಸಮಾಲೋಚನೆ, ನಿಯತ ದಿನಚರಿಗಳಿಂದ ಬದುಕು ಸುಧಾರಿಸುತ್ತದೆ. ಆದರೆ ಔಷಧಿಯನ್ನು ಮನೋವೈದ್ಯರ ಸಲಹೆಯಿಲ್ಲದೆ ಸೇವಿಸಲಾಗದು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳು ನಮ್ಮ ನಾಡಿನಲ್ಲಿಯೇ ಇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಗಡಿಯಲ್ಲಿ ನಮಗಾಗಿ ಎಚ್ಚರವಿದ್ದವನು ಮನೆಯಲ್ಲಿ ನಿದ್ರೆಯಿಲ್ಲದೆ ನರಳುತ್ತಿದ್ದರೆ, ಅವನನ್ನು ದೂರುವ ಮೊದಲು ವೈದ್ಯರ ಬಳಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ.