ಕೈ ಚಾಚದವರ ಲೆಕ್ಕ

ಹಳೆಯ ದಫ್ತರಗಳಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆ ಕೋಡ ತಾಲ್ಲೂಕು, ಶಿಗ್ಗಾಂವಿ ಸೀಮೆ ಬಂಕಾಪುರ ತಾಲ್ಲೂಕು, ಸವಣೂರು ನವಾಬರ ಸಂಸ್ಥಾನ. ಹಾನಗಲ್ಲ ಮಾತ್ರ ಆಗಲೂ ಹಾನಗಲ್ಲವೇ. ಹೊಲದ ಉತಾರ ಬೇಕಾದವರು ಆಗ ವತನದಾರ ಕುಲಕರ್ಣಿಯ ಕಟ್ಟೆಯ ಮುಂದೆ ನಿಲ್ಲಬೇಕಿತ್ತು. ಮುಂಬಯಿ ಸರಕಾರದ 1950ರ ಕಾಯ್ದೆ ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ಉಳಿದ ಗ್ರಾಮಾಧಿಕಾರಗಳ ಮೇಲೆ 1961ರ ಕಾಯ್ದೆ ಬಂತು. ಸಂಬಳದ ತಲಾಟಿ ಕೈ ಚಾಚುವುದಿಲ್ಲ ಎಂಬುದು ಅಂದಿನ ಭರವಸೆ. ಚಾಚದವರೂ ಇದ್ದರು. 'ಅವರು ಚಹಾನೂ ಮುಟ್ಟತಿರಲಿಲ್ರೀ' ಎಂದು ಹಿರಿಯರು ಇಂದಿಗೂ ನೆನೆಯುವ ತಲಾಟಿಗಳು, ಮಾಸ್ತರರು ಪ್ರತಿ ಊರಿನ ನೆನಪಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಆ ನೆನಪಿಗೆ ಸರಕಾರಿ ಮೊಹರು ಮಾತ್ರ ಬೀಳಲೇ ಇಲ್ಲ. ಅವರ ಪಾಲಿಗೆ ಬಂದದ್ದು ಬಹಳ ಸಲ ವರ್ಗಾವಣೆಯ ಆದೇಶ.

ಮುಂದಿನ ದಶಕಗಳಲ್ಲಿ ನಾವು ಕಳ್ಳನನ್ನು ಹಿಡಿಯುವ ದಾರಿಗಳನ್ನೇ ಹುಡುಕಿದೆವು. 1984ರಲ್ಲಿ ಲೋಕಾಯುಕ್ತ ಕಾಯ್ದೆ. 2001ರ ನಂತರ ಲೋಕಾಯುಕ್ತ ನ್ಯಾಯಮೂರ್ತಿ ವೆಂಕಟಾಚಲ ಕಚೇರಿಗಳಿಗೆ ದಿಢೀರನೆ ನುಗ್ಗಿದಾಗ ನಮ್ಮ ಕಡೆಯ ಸಂತೆಗಳಲ್ಲೂ ಅದೇ ಮಾತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಿಸಿತು. 2016ರಲ್ಲಿ ಲೋಕಾಯುಕ್ತದ ತನಿಖಾ ಬಲವನ್ನು ಕಿತ್ತು ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಕೊಟ್ಟದ್ದೂ, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿದ್ದೂ ಓದುಗರಿಗೆ ಗೊತ್ತಿದ್ದದ್ದೇ. ನಡುವೆ ಒಳ್ಳೆಯದೂ ಆಯಿತು. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾಗಿ, ಸಣ್ಣ ಕೆಲಸಕ್ಕೂ ಧಾರವಾಡದ ಬಸ್ಸು ಹತ್ತುವ ಪಾಡು ತಪ್ಪಿತು. 'ಭೂಮಿ' ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಉತಾರ ಕೊಟ್ಟಿತು. 2012ರ 'ಸಕಾಲ' ಯೋಜನೆ, ಸೇವೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ ಪರಿಹಾರವೆಂದಿತು. ಅದನ್ನು ಕೇಳಿ ಪಡೆದವರನ್ನು ನಾನಂತೂ ಕಂಡಿಲ್ಲ. ಉತಾರಕ್ಕೆ ಯಂತ್ರ ಸಾಕು. ವಾಟ್ನಿಗೆ, ಖಾತೆ ಬದಲಾವಣೆಗೆ ಮನುಷ್ಯನ ಸಹಿಯೇ ಬೇಕು. ಮಾಮೂಲು ಅಲ್ಲಿ ಹೋಗಿ ಕೂತಿತು.

ನಮ್ಮ ಸೀಮೆಯ ಒಂದು ಗುಣವನ್ನೂ ಇಲ್ಲಿ ಹೇಳಬೇಕು. ಬಾಡದ ಕನಕನಾಯಕರು ಅಧಿಕಾರ ಬಿಟ್ಟು ದಾಸರಾದರು. ಶಿಶುವಿನಾಳದ ಶರೀಫರು ಮಾಸ್ತರಿಕೆ ಬಿಟ್ಟು ಸಂತರಾದರು. ಎರಡೂ ಊರು ಶಿಗ್ಗಾಂವಿ ತಾಲ್ಲೂಕಿನವೇ. ಕುರ್ಚಿ ಬಿಟ್ಟವರಿಗೆ ಗುಡಿ ಕಟ್ಟಿದೆವು, ಜಾತ್ರೆ ಮಾಡಿದೆವು, ಸರಿಯೇ. ಅದೇ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತೂ ಕೈ ಕೊಳೆ ಮಾಡಿಕೊಳ್ಳದವರನ್ನು 'ಬದುಕಲು ಬಾರದವ' ಎಂದು ನಕ್ಕೆವು. ಈ ನಗೆಯಲ್ಲಿ ನಾನೂ ಪಾಲುದಾರ. ಲಂಚ ಕೊಡುವುದೂ ಅಪರಾಧವೆಂದು ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ಸಾರಿತು. ಕೆಲಸ ಬೇಗ ಆಗಲೆಂದು ನಾವೇ ಲಕೋಟೆ ಹಿಡಿದು ಹೋಗುವುದು ನಿಂತಿಲ್ಲ.

ನೌಕರರ ದಿನ ಕೊಡುವ ಸರ್ವೋತ್ತಮ ಸೇವಾ ಪ್ರಶಸ್ತಿ ಇದೆ, ಅದು ಒಳ್ಳೆಯದೇ. ನೌಕರರ ವಾರ್ಷಿಕ ವರದಿಯಲ್ಲಿ ಪ್ರಾಮಾಣಿಕತೆಗೆಂದೇ ಒಂದು ಅಂಕಣವೂ ಇದೆ. ಅದನ್ನು ತುಂಬುವವರು ಮೇಲಧಿಕಾರಿಗಳು; ಕಚೇರಿಯ ಬಾಗಿಲಲ್ಲಿ ಕಾದು ನಿಂತ ರೈತನಿಗೆ ಅಲ್ಲಿ ಮಾತಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ದೂರು ಓದಿ ಮುಗಿದ ಮೇಲೆ, ಹಣ ಕೇಳದೆ ಕೆಲಸ ಮಾಡಿಕೊಟ್ಟ ಒಬ್ಬರ ಹೆಸರನ್ನಾದರೂ ಹೇಳಿ, ನಡಾವಳಿಯಲ್ಲಿ ಬರೆಸಿ. ಅವರ ವರ್ಗಾವಣೆಯ ಆದೇಶ ಬರುವ ಮುಂಚೆಯೇ ಬರೆಸಿ.