ಗ್ರಾಮಸಭೆಗೆ ಕಾಲುವೆಯವರು ಯಾಕೆ ಬರುವುದಿಲ್ಲ?



ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು ಎಂದು ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಆರಿಸಿ ಬರಬೇಕಾಗಿಲ್ಲ, ಯಾರ ಕೈಕಾಲು ಹಿಡಿಯಬೇಕಾಗಿಲ್ಲ. ಹತ್ತರಲ್ಲಿ ಒಬ್ಬರು ಅಥವಾ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಸಭೆ ನಡೆಯುತ್ತದೆ. ಸೇರಿದವರಲ್ಲಿ ನೂರಕ್ಕೆ 30 ಮಂದಿ ಹೆಣ್ಣುಮಕ್ಕಳು ಇರಬೇಕು. ಸರಕಾರದ ಇಲಾಖೆಗಳವರು ಅಲ್ಲಿ ಬಂದು ತಾವೇನು ಮಾಡಿದೆವು, ಎಷ್ಟು ಖರ್ಚು ಹಾಕಿದೆವು, ಯಾರಿಗೆ ಕೊಟ್ಟೆವು ಎಂದು ಊರ ಮುಂದೆ ಹೇಳಬೇಕು. ಇದು ಕಾಗದದ ಮಾತಾಯಿತು.

ಈಗ ನೀವೇ ನೆನಪು ಮಾಡಿಕೊಳ್ಳಿ. ಹೋದ ಸಲ ನಿಮ್ಮೂರ ಗ್ರಾಮಸಭೆಗೆ ಯಾರು ಯಾರು ಬಂದಿದ್ದರು? ಅಂಗನವಾಡಿ ಟೀಚರಮ್ಮ ಬಂದಿದ್ದಳು. ಆಶಾ ಕಾರ್ಯಕರ್ತೆ ಬಂದಿದ್ದಳು. ಸಾಲಿ ಹೆಡ್ ಮಾಸ್ತರು ಬಂದಿದ್ದರು. ಕೃಷಿ ಇಲಾಖೆಯಿಂದ ಒಬ್ಬ ಹುಡುಗ ಬಂದು ತುಂತುರು ನೀರಾವರಿ ಪೈಪಿಗೆ ಅರ್ಜಿ ಹಾಕ್ರಿ ಅಂತ ಚೀಟಿ ಓದಿದ. ದನದ ಡಾಕ್ಟರ ಬದಲಿಗೆ ಕಾಂಪೌಂಡರ್ ಬಂದಿದ್ದ. ಅಷ್ಟೇ. ಆಮೇಲೆ ಮನೆ ಹಂಚಿಕೆಯ ಪಟ್ಟಿ ತೆಗೆದರು. ಅಲ್ಲಿಗೆ ಗದ್ದಲ ಸುರುವಾಯಿತು, ಸಭೆ ಮುಗಿಯಿತು.

ಬಂದವರ ಮೇಲೆ ನಾವು ಎಗರಿ ಬೀಳುತ್ತೇವೆ. ಮೊಟ್ಟೆ ಎಲ್ಲಿ ಹೋದವು, ಅಕ್ಕಿಯಲ್ಲಿ ಹುಳ ಯಾಕೆ ಬಂದವು ಎಂದು ಅಂಗನವಾಡಿ ಹೆಣ್ಣುಮಗಳನ್ನು ನಿಲ್ಲಿಸಿ ಕೇಳುತ್ತೇವೆ. ಕೇಳಬೇಕು, ಬ್ಯಾಡ ಅನ್ನೋದಿಲ್ಲ. ಆದರೆ ಆಕಿ ಗೌರವಧನಕ್ಕೆ ದುಡಿಯುವಾಕಿ. ಅಕ್ಕಿ ಕೊಂಡವಳು ಆಕಿ ಅಲ್ಲ, ಬಿಲ್ಲು ಮಂಜೂರು ಮಾಡಿದವಳೂ ಅಲ್ಲ. ನಮ್ಮ ಗಂಡಸ್ತನವೆಲ್ಲ ಆಕಿ ಮುಂದೆ ಖರ್ಚಾಗಿ, ನಮ್ಮನ್ನು ಸಾಲಕ್ಕೆ ನೂಕುವ ಇಲಾಖೆಗಳ ಸುದ್ದಿಗೇ ನಾವು ಹೋಗುವುದಿಲ್ಲ. ಅವರೂ ಬರುವುದಿಲ್ಲ.

ಯಾವುವು ಆ ಇಲಾಖೆಗಳು? ಮೊದಲನೆಯದು ನೀರು.

ನಮ್ಮ ನವಲಿ, ಕಾರಟಗಿ, ಗಂಗಾವತಿ ಸೀಮೆಯ ರೈತನ ಹಣೆಬರಹ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿದೆ. ಕಾಲುವೆಗೆ ಯಾವ ತಾರೀಖು ನೀರು, ಎಷ್ಟು ದಿನ ನೀರು, ಎರಡನೇ ಬೆಳೆ ಉಂಟೋ ಇಲ್ಲವೋ ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಮಂತ್ರಿಗಳು, ಶಾಸಕರು, ಇಂಜಿನಿಯರರು ಅಲ್ಲಿ ಕೂಡುತ್ತಾರೆ. ನಮಗೆ ಮರುದಿನ ಪೇಪರಿನಲ್ಲಿ ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ಗೊತ್ತು. 1953ರಲ್ಲಿ ಮುಗಿದ ಕಟ್ಟೆ. ಗೇಟುಗಳಿಗೆ ಎಪ್ಪತ್ತು ವರ್ಷ ದಾಟಿತ್ತು. ಮುಂದೆ 33 ಗೇಟುಗಳನ್ನೂ ಬದಲಿಸಬೇಕೆಂದಾಯಿತು. ಅದಕ್ಕಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂದು 2025ರ ನವೆಂಬರಿನಲ್ಲಿ ತೀರ್ಮಾನವಾಯಿತು.

ಗೇಟು ಬದಲಿಸಬಾರದು ಎನ್ನುವಷ್ಟು ಮೂರ್ಖರು ನಾವಲ್ಲ. ಕಟ್ಟೆ ಉಳಿದರೆ ನಾವು ಉಳಿದೇವು. ಆದರೆ ಲಾವಣಿ ಹಿಡಿದ ಬಡ ರೈತನ ಲೆಕ್ಕ ನೋಡಿರಿ. ಅವನು ಹೊಲದ ಮಾತು ಬೇಸಿಗೆಯಲ್ಲೇ ಆಡಿ ಮುಗಿಸಿರುತ್ತಾನೆ. ಎಕರೆಗೆ ಇಷ್ಟು ಚೀಲ ಎಂದು ಎರಡು ಬೆಳೆಯ ಮೇಲೆ ಒಪ್ಪಿಕೊಂಡಿರುತ್ತಾನೆ. ಗೊಬ್ಬರದ ಅಂಗಡಿಯವನು ಉದ್ರಿ ಕೊಟ್ಟದ್ದೂ ಎರಡನೇ ಬೆಳೆಯ ಮುಖ ನೋಡಿಯೇ. ನೀರಿಲ್ಲ ಎಂಬ ಮಾತು ಅವನ ಕಿವಿಗೆ ಬೀಳುವ ಹೊತ್ತಿಗೆ ಮೊದಲ ಬೆಳೆ ಕೊಯ್ಲಿಗೆ ನಿಂತಿರುತ್ತದೆ. ಹೊಲದ ಯಜಮಾನ ಚೀಲ ಬಿಡುವುದಿಲ್ಲ, ಅಂಗಡಿಯವನು ಬಡ್ಡಿ ಬಿಡುವುದಿಲ್ಲ. ಗೇಟು ಬದಲಿಸುವ ಮಾತು ವರ್ಷದಿಂದ ನಡೆದಿತ್ತಲ್ಲ! ಈ ಸಲ ಎರಡನೇ ಬೆಳೆಯ ಮೇಲೆ ಭಾರ ಹಾಕಬ್ಯಾಡ್ರಿ, ಅನುಮಾನ ಐತಿ ಎಂದು ಒಬ್ಬ ಇಂಜಿನಿಯರು ಮುಂಗಾರಿಗೆ ಮೊದಲು ಊರೂರ ಗ್ರಾಮಸಭೆಯಲ್ಲಿ ನಿಂತು ಹೇಳಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವು? ಅದಕ್ಕೆ ಅನುದಾನ ಬೇಕಾಗಿರಲಿಲ್ಲ. ಒಂದು ಜೀಪು, ಒಂದು ಬಾಯಿ ಸಾಕಿತ್ತು.

ಇದೇ ಮಾತು ತೂಬಿನ ನೀರಿಗೂ ಸೇರಿದ್ದು. ಈ ಕಾಲುವೆಯ ಜಮೀನಿನ ಬಹುಪಾಲು ಅರೆ ನೀರಾವರಿ ಬೆಳೆಗೆಂದು ಗೊತ್ತುಮಾಡಿದ್ದು. ನಾವು ಬೆಳೆಯುವುದು ಭತ್ತ. ಮೇಲಿನವರೇ ನೀರು ಕುಡಿದುಬಿಡುತ್ತಾರೆ, ನಮಗೆ ಬರೀ ಕೆಸರು ಎಂದು ಮಾನ್ವಿ, ಸಿರವಾರದ ಕಡೆಯ ರೈತರು ನಮ್ಮನ್ನು ಬಯ್ಯುತ್ತಾರೆ. ಅವರ ಮಾತು ಸುಳ್ಳಲ್ಲ. ಈ ಪತ್ರಿಕೆಯಲ್ಲಿ ಇದನ್ನು ಬರೆದರೆ ನಮ್ಮವರಿಗೇ ಸಿಟ್ಟು ಬಂದೀತು, ಬರಲಿ. ಯಾವ ಉಪಕಾಲುವೆಗೆ ಎಷ್ಟು ನೀರು ಬಿಟ್ಟರು, ಗೇಜು ಎಷ್ಟಿತ್ತು, ಕಾಲುವೆಗೆ ಎಷ್ಟು ಮೋಟಾರು ಇಳಿದಿವೆ ಎಂಬ ಲೆಕ್ಕವನ್ನು ಮೇಲಿನೂರ ಸಭೆಯಲ್ಲಿಯೂ ಕೆಳಗಿನೂರ ಸಭೆಯಲ್ಲಿಯೂ ಒಂದೇ ದಿನ ಓದಿದರೆ ರೈತ ರೈತನ ಮೇಲೆ ಬಡಿಗೆ ಎತ್ತುವುದು ಕಡಿಮೆಯಾದೀತು. ಲೆಕ್ಕ ಗುಟ್ಟಾಗಿದ್ದಷ್ಟು ದಿನ ಜಗಳ ನಮ್ಮ ನಮ್ಮೊಳಗೇ.

ಎರಡನೆಯದು ಬೆಳೆ ವಿಮೆ. ಇದರ ಒಳಗುಟ್ಟು ಬಹಳ ಮಂದಿಗೆ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

2016ರಿಂದ ಬಂದ ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ ಮುಂಗಾರಿನ ಕಾಳುಕಡಿ, ಎಣ್ಣೆಕಾಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ನೂರಕ್ಕೆ ಒಂದೂವರೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಪರಿಹಾರ ನಿನ್ನ ಹೊಲ ನೋಡಿ ಬರುವುದಿಲ್ಲ. ಮುಖ್ಯ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯತಿಯೇ ಒಂದು ಘಟಕ. ಆ ಪಂಚಾಯತಿಯಲ್ಲಿ ಆ ಬೆಳೆಗೆ ಕಡಿಮೆಯೆಂದರೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಬಹಳ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಹಿಡಿದು, ಕೊಯ್ದು, ಬಡಿದು, ತೂಗುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷದ ಸರಾಸರಿ ಹಿಡಿದು ಒಂದು ಗೆರೆ ಎಳೆದಿರುತ್ತಾರೆ. ಈ ತೂಕ ಆ ಗೆರೆಗಿಂತ ಕೆಳಗೆ ಬಂದರೆ ಊರಿಗೆಲ್ಲ ಪರಿಹಾರ, ಮೇಲೆ ಹೋದರೆ ಯಾರಿಗೂ ಇಲ್ಲ. ನೋಡಿರಿ, ಸಾವಿರಾರು ಎಕರೆಯ ಭವಿಷ್ಯ ನಾಲ್ಕು ಹಗ್ಗದ ಚೌಕದೊಳಗೆ!

ಆ ನಾಲ್ಕು ಸರ್ವೆ ನಂಬರು ಯಾವುವು? ಕಟಾವು ಯಾವ ದಿನ ಆಯಿತು? ಹೊಲದಲ್ಲಿ ಯಾರು ನಿಂತಿದ್ದರು? ಎಷ್ಟು ಕಿಲೋ ತೂಗಿತು? ಗೆರೆ ಎಷ್ಟಿತ್ತು? ಈ ಐದು ಪ್ರಶ್ನೆಗೆ ಉತ್ತರ ಗೊತ್ತಿರುವ ರೈತ ನಿಮ್ಮೂರಲ್ಲಿ ಒಬ್ಬನಿದ್ದಾನೆಯೇ? ಪಕ್ಕದ ಪಂಚಾಯತಿಗೆ ದುಡ್ಡು ಬಂತು, ನಮಗೆ ಬರಲಿಲ್ಲ ಎಂದು ಕಟ್ಟೆಯ ಮೇಲೆ ಕೂತು ಬೈದಾಡುತ್ತೇವೆ. ಬ್ಯಾಂಕಿಗೆ ಹೋದರೆ ವಿಮಾ ಕಂಪನಿಯವರನ್ನು ಕೇಳಿ ಅನ್ನುತ್ತಾರೆ, ಕಂಪನಿಯವರು ಕೃಷಿ ಇಲಾಖೆ ಅನ್ನುತ್ತಾರೆ, ಕೃಷಿ ಇಲಾಖೆಯವರು ಸಂರಕ್ಷಣೆ ಪೋರ್ಟಲ್ ನೋಡಿರಿ ಅನ್ನುತ್ತಾರೆ. ಗ್ರಾಮ ಪಂಚಾಯತಿಯನ್ನೇ ಘಟಕ ಎಂದು ಹಿಡಿದ ಮೇಲೆ ಆ ಪಂಚಾಯತಿಯ ಗ್ರಾಮಸಭೆಯಲ್ಲಿ ಕಟಾವಿನ ಲೆಕ್ಕ ಓದಲು ಇವರಿಗೆ ಏನು ಧಾಡಿ?

ಕರೆಂಟಿನದು ದೊಡ್ಡ ಕಥೆ ಬೇಡ. ಟಿಸಿ ಸುಟ್ಟರೆ ರೈತರೇ ಪಟ್ಟಿ ಹಾಕಿ, ಟ್ರ್ಯಾಕ್ಟರ್ ಮಾಡಿಕೊಂಡು ಹೊತ್ತು ಹಾಕಬೇಕು ಎಂಬುದು ಎಲ್ಲ ಊರಿನ ರೂಢಿ ಆಗಿಬಿಟ್ಟಿದೆ. 10 ಅಶ್ವಶಕ್ತಿವರೆಗಿನ ಪಂಪಿಗೆ ಕರೆಂಟು ಪುಕ್ಕಟೆ ಎನ್ನುತ್ತಾರೆ. ಒಣಗಿದ ಬೆಳೆಯ ಬೆಲೆ ಆ ಲೆಕ್ಕದಲ್ಲಿ ಹಿಡಿದಿಲ್ಲ.

ಖರೀದಿ ಕೇಂದ್ರದ ಮಾತು ಅದಕ್ಕಿಂತ ಕಹಿ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಕೇಂದ್ರ ಎಲ್ಲಿ ತೆರೆಯುತ್ತದೆ, ಎಂದು ನೋಂದಣಿ, ಒಬ್ಬ ರೈತನಿಂದ ಎಷ್ಟು ಕೊಳ್ಳುತ್ತಾರೆ ಎಂದು ಕೊಯ್ಲಿಗೆ ಒಂದು ತಿಂಗಳು ಮೊದಲು ಊರಲ್ಲಿ ನಿಂತು ಹೇಳಿದರೆ ರೈತ ನಾಲ್ಕು ದಿನ ತಡೆದಾನು. ಹೇಳುವವರಿಲ್ಲ. ಮಷಿನ್ನಿನ ಬಾಡಿಗೆ ಕೊಡಬೇಕು, ಹಸಿ ಭತ್ತ ರಾಶಿಯಲ್ಲೇ ಬಿಸಿಯಾಗುತ್ತದೆ, ದಲ್ಲಾಳಿ ಲಾರಿ ನಿಲ್ಲಿಸಿಕೊಂಡು ಕೂತಿರುತ್ತಾನೆ. ಸೊಸೈಟಿಯ ಬಡ್ಡಿ ಇಲ್ಲದ ಸಾಲ 5 ಲಕ್ಷದವರೆಗೆ ಎಂದು ಸರಕಾರ ಏರಿಸಿದೆ. ನಮ್ಮೂರಲ್ಲಿ ಅದು ಎಷ್ಟು ಮಂದಿಗೆ ಸಿಕ್ಕಿತು, ಯಾರ ಮನೆಗೆ ಎಷ್ಟು ಹೋಯಿತು ಎಂದು ಸಭೆಯಲ್ಲಿ ಓದಲಿ, ಗೊತ್ತಾಗುತ್ತದೆ.

ಅಧಿಕಾರಿಗಳ ಉತ್ತರ ನನಗೆ ಬಾಯಿಪಾಠ. “ನಮ್ಮ ಇಲಾಖೆ ಪಂಚಾಯತಿ ಅಡಿಗೆ ಬರಂಗಿಲ್ರೀ ಗೌಡ್ರ” ಎನ್ನುತ್ತಾರೆ. ಅರ್ಧ ಖರೆ. ಸಂವಿಧಾನದ 73ನೇ ತಿದ್ದುಪಡಿ ಪಂಚಾಯತಿಗಳಿಗೆಂದು 29 ವಿಷಯಗಳ ಪಟ್ಟಿ ಮಾಡಿತು. ಅದರಲ್ಲಿ ಕೃಷಿ ಇದೆ, ಸಣ್ಣ ನೀರಾವರಿ ಮತ್ತು ನೀರಿನ ನಿರ್ವಹಣೆ ಇದೆ, ವಿದ್ಯುತ್ ವಿತರಣೆ ಇದೆ, ಪಡಿತರ ಇದೆ. ದೊಡ್ಡ ಅಣೆಕಟ್ಟೆ ಇಲ್ಲ, ಬ್ಯಾಂಕೂ ಇಲ್ಲ. ಸರಿ, ಅಣೆಕಟ್ಟೆಯನ್ನು ನವಲಿ ಪಂಚಾಯತಿಗೆ ಬರೆದುಕೊಡಿ ಎಂದು ನಾವೇನೂ ಕೇಳುತ್ತಿಲ್ಲ. ಬಂದು ಹೇಳಿರಿ ಎನ್ನುತ್ತೇವೆ. ಹೇಳುವುದಕ್ಕೂ ಅಧೀನವಾಗುವುದಕ್ಕೂ ವ್ಯತ್ಯಾಸ ಇಲ್ಲವೇ? ಸಾಲ ವಸೂಲಿಗೆ ಬರುವಾಗ, ನೀರಿನ ಕರ ಕೇಳುವಾಗ ಇವರಿಗೆ ನಮ್ಮ ಓಣಿ, ಮನೆ, ಅಪ್ಪನ ಹೆಸರು ಎಲ್ಲ ಗೊತ್ತಿರುತ್ತದೆ.

ಹಳಬರಿಗೆ ನೆನಪಿರಬೇಕು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರು ಆಯಿತು. ಮಲಪ್ರಭೆಯ ನೀರು ಸರಿಯಾಗಿ ಬರುವ ಮೊದಲೇ ಸುಧಾರಣಾ ಕರ ಕಟ್ಟಿರಿ ಎಂದದ್ದಕ್ಕೆ ಎದ್ದ ರೈತರು ಅವರು. ಅಲ್ಲಿಂದಲೇ ರಾಜ್ಯ ರೈತ ಸಂಘ ಬೆಳೆದದ್ದು. ಮುಂದೆ ಎಷ್ಟೋ ಊರ ಅಗಸಿಯಲ್ಲಿ ಬೋರ್ಡು ಎದ್ದವು, ಅಪ್ಪಣೆ ಇಲ್ಲದೆ ಸಾಲ ವಸೂಲಿಯವರು ಊರೊಳಗೆ ಬರಕೂಡದು ಎಂದು. ಅದನ್ನು ಕೆಲವರು ದೊಂಬಿ ಎಂದರು. ನನಗೆ ಅದು ಗ್ರಾಮಸಭೆಯ ಇನ್ನೊಂದು ಮುಖ ಎಂದೇ ಕಾಣುತ್ತದೆ: ಊರಿಗೆ ಬರುವವನು ಊರಿಗೆ ಉತ್ತರ ಹೇಳಿ ಬರಬೇಕು.

ಅದೇ ದಶಕದಲ್ಲಿ ನೀರಸಾಬ್ ಎಂದು ಜನ ಕರೆದ ಅಬ್ದುಲ್ ನಜೀರಸಾಬರು ಪಂಚಾಯತ್ ರಾಜ್ ಮಂತ್ರಿಯಾಗಿದ್ದರು. 1983ರ ಕಾಯ್ದೆ ಅವರ ಕೆಲಸ. ಅದರಂತೆ 1987ರಲ್ಲಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತಿನ ಚುನಾವಣೆ ಆದವು. ಆಗ ನಮ್ಮದು ರಾಯಚೂರು ಜಿಲ್ಲೆ. ಕೊಪ್ಪಳ ಬೇರೆ ಆದದ್ದು 1997ರಲ್ಲಿ. ವರ್ಷಕ್ಕೆ ಎರಡು ಗ್ರಾಮಸಭೆ ಎಂಬುದು ಆ ಕಾಯ್ದೆಯಲ್ಲೇ ಇತ್ತು. ನಜೀರಸಾಬರು 1988ರಲ್ಲಿ ತೀರಿಕೊಂಡರು. ಕಾಯ್ದೆ ಬದಲಾಯಿತು, ಗ್ರಾಮಸಭೆ ಉಳಿಯಿತು, ಅದರ ಹಲ್ಲು ಬೆಳೆಯಲೇ ಇಲ್ಲ.

ರಾಜಸ್ಥಾನದಲ್ಲಿ ಬಡವರು ಹಲ್ಲು ತಾವೇ ಕಟ್ಟಿಸಿಕೊಂಡರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಊರಲ್ಲಿ ಮಜದೂರ್ ಕಿಸಾನ್ ಶಕ್ತಿ ಸಂಘಟನೆಯವರು ಬರಗಾಲದ ಕಾಮಗಾರಿಗಳ ಕೂಲಿಪಟ್ಟಿ, ಬಿಲ್ಲುಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಓದಿದ್ದಷ್ಟೇ. ಆ ಹಾದಿಯಲ್ಲೇ 2005ರ ಮಾಹಿತಿ ಹಕ್ಕಿನ ಕಾಯ್ದೆ ಬಂತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗ್ರಾಮಸಭೆಯೇ ಸಾಮಾಜಿಕ ಪರಿಶೋಧನೆ ಮಾಡಬೇಕೆಂದು ಬರೆದರು. ಒಡ್ಡಿನ ಲೆಕ್ಕ, ಕೆರೆ ಹೂಳಿನ ಲೆಕ್ಕ ಊರ ಮುಂದೆ ಓದಬಹುದಾದರೆ ಕಾಲುವೆಯ ಲೆಕ್ಕ ಯಾಕೆ ಓದಬಾರದು? ಕೂಲಿಕಾರನ ಹಾಜರಿ ಬಹಿರಂಗ, ಇಂಜಿನಿಯರನ ಗೇಜು ಗುಟ್ಟು!

ನವಲಿಯವರಾದ ನಮಗೆ ಇದು ಬರೀ ತತ್ವದ ಮಾತಲ್ಲ. ಅಣೆಕಟ್ಟೆಯಲ್ಲಿ 133 ಟಿಎಂಸಿ ಅಡಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಲು ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪವನ್ನು ವರ್ಷಗಟ್ಟಲೆ ಕೇಳುತ್ತ ಬಂದಿದ್ದೇವೆ. ಆಂಧ್ರ, ತೆಲಂಗಾಣದವರ ಜೊತೆ ಮಾತು ನಡೆದದ್ದೂ ಪೇಪರಿನಲ್ಲಿ ಬರುತ್ತದೆ. ಯಾವ ಊರ ಯಾವ ಹೊಲ ಮುಳುಗುತ್ತದೆ ಎಂದು ಮಾತ್ರ ಹೊಲದವನ ಮುಂದೆ ನಕ್ಷೆ ಬಿಚ್ಚಿ ಹೇಳಬೇಕಲ್ಲ? 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡುವಾಗ ಪಂಚಾಯತಿಯೊಡನೆ ಸಮಾಲೋಚಿಸಬೇಕು, ಬಾಧಿತ ಜನರ ಬಹಿರಂಗ ವಿಚಾರಣೆ ಆಗಬೇಕು ಎಂದಿತು. ಕೆಲವು ಬಗೆಯ ಯೋಜನೆಗಳನ್ನು ಆ ಅಧ್ಯಯನದಿಂದ ಬಿಡಿಸಲು ನಮ್ಮ ರಾಜ್ಯ ಸರಕಾರ 2019ರಲ್ಲಿ ತಿದ್ದುಪಡಿ ಮಾಡಿಕೊಂಡಿತು. ಜಲಾಶಯ ಬೇಕೋ ಬೇಡವೋ ಎಂಬುದರಲ್ಲಿ ನಮ್ಮೊಳಗೇ ಎರಡು ಮಾತಿವೆ. ಕಾಲುವೆಯ ಕೊನೆಯವನಿಗೆ ಬೇಕು, ಮುಳುಗುವವನಿಗೆ ಬೇಡ. ಆದರೆ ಮುಳುಗುವ ಗುಮಾನಿ ಇರುವ ಹೊಲದ ಮೇಲೆ ಬೋರು ಕೊರೆಸಲೋ ಬೇಡವೋ, ಸಾಲ ಎತ್ತಿ ಮಟ್ಟ ಮಾಡಿಸಲೋ ಬೇಡವೋ ಎಂದು ರೈತ ವರ್ಷಗಟ್ಟಲೆ ಕೈಕಟ್ಟಿ ಕೂತಿರುವುದು ಯಾರ ಲೆಕ್ಕಕ್ಕೂ ಬಂದಿಲ್ಲ. ಹೆಣ್ಣು ಕೊಡುವವರೂ ಹೊಲ ಎಲ್ಲಿ ಬರ್ತದ ಎಂದು ಕೇಳುತ್ತಾರೆ.

ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಎಂದು ಮಾಡುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಜಮಾಬಂದಿ ಎಂದರೆ ಸರಕಾರ ಊರಿನ ಕಂದಾಯದ ಲೆಕ್ಕ ಕೇಳುವುದು. ಪಟವಾರಿ ದಫ್ತರ ಹೊತ್ತು ನಡುಗುತ್ತ ನಿಲ್ಲುತ್ತಿದ್ದ. ಈಗಿನ ಜಮಾಬಂದಿಯಲ್ಲಿ ಪಂಚಾಯತಿ ಊರಿಗೆ ಲೆಕ್ಕ ತೋರಿಸಬೇಕು. ಹೆಸರು ಅದೇ, ದಿಕ್ಕು ತಿರುಗಿದೆ. ನಮ್ಮ ಮಂದಿಗೆ ಮಾತ್ರ ಅದು ಇನ್ನೂ ತಿಳಿದಿಲ್ಲ.

ಆದ್ದರಿಂದ ಬರುವ ಗ್ರಾಮಸಭೆಗೆ, ಅದನ್ನು ಅಧ್ಯಕ್ಷರು ನಡೆಸಲಿ, ಆಡಳಿತಾಧಿಕಾರಿ ನಡೆಸಲಿ, ಹದಿನೈದು ದಿನ ಮೊದಲೇ ಅರ್ಜಿ ಕೊಡಿರಿ. ಪಿಡಿಒ ಕೈಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸಹಿ, ಸಿಕ್ಕಾ ಹಾಕಿಸಿಕೊಳ್ಳಿರಿ. ಬಾಯಿಮಾತು ನಡಾವಳಿಗೆ ಏರುವುದಿಲ್ಲ. ನಮ್ಮ ಉಪಕಾಲುವೆಯ ಇಂಜಿನಿಯರು, ಕರೆಂಟಿನ ಸೆಕ್ಷನ್ ಆಫೀಸರು, ಸೊಸೈಟಿ ಕಾರ್ಯದರ್ಶಿ, ಬ್ಯಾಂಕಿನ ಮ್ಯಾನೇಜರು, ವಿಮಾ ಕಂಪನಿಯ ಪ್ರತಿನಿಧಿ ಇವರನ್ನು ಹೆಸರಲ್ಲ, ಹುದ್ದೆ ಬರೆದು ಕರೆಸಿರಿ ಎಂದು ಕೇಳಿರಿ. ಬರದಿದ್ದರೆ, ಕರೆದರೂ ಬರಲಿಲ್ಲ ಎಂದು ಅದೇ ಸಭೆಯಲ್ಲಿ ಠರಾವು ಮಾಡಿಸಿ ಜಿಲ್ಲಾ ಪಂಚಾಯತಿಗೂ ಜಿಲ್ಲಾಧಿಕಾರಿಗಳಿಗೂ ಕಳಿಸಿರಿ. ಹಾಜರಿ ಪುಸ್ತಕ ಮನೆಗೆ ಬಂದರೆ ಸಹಿ ಹಾಕಬೇಡಿರಿ, ಸಭೆಗೆ ಬಂದೇ ಹಾಕಿರಿ. ಹೆಣ್ಣುಮಕ್ಕಳನ್ನು ಹಿಂದಿನ ಸಾಲಿಗೆ ನೂಕಬೇಡಿರಿ. ಸಂಘದ ಸಾಲದ ಕಂತು ಕಟ್ಟುವವರು ಅವರೇ, ಲೆಕ್ಕ ಕೇಳುವುದೂ ಅವರಿಗೇ ಚೆನ್ನಾಗಿ ಬರುತ್ತದೆ. ಬೆಳೆ ಕಟಾವಿನ ಐದು ಪ್ರಶ್ನೆ ಮೇಲೆ ಬರೆದಿದ್ದೇನೆ, ಅವನ್ನೇ ಕತ್ತರಿಸಿ ಅರ್ಜಿಗೆ ಅಂಟಿಸಿದರೂ ಆದೀತು. ಯಾವ ಊರಲ್ಲಿ ಯಾವ ಇಲಾಖೆಯವರು ಬಂದು ಏನು ಹೇಳಿದರು ಎಂದು ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ.