ರಸ್ತೆಯೊಳಗಿನ ದೀಪವೂ ಪಾದಚಾರಿಯ ಪ್ರಾಣವೂ

2022ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ 1,68,491 ಮಂದಿ ಅಪಘಾತಗಳಲ್ಲಿ ಮಡಿದರೆಂದು ಕೇಂದ್ರ ಸರಕಾರದ ವರದಿಯೇ ತಿಳಿಸುತ್ತದೆ. ಇವರಲ್ಲಿ 32,825 ಮಂದಿ ಪಾದಚಾರಿಗಳು. ದಿನವೊಂದಕ್ಕೆ ಸರಾಸರಿ 90 ಜೀವಗಳು. ನಡುರಾತ್ರಿ ಹೊಟೇಲಿನ ಬಾಗಿಲು ಮುಚ್ಚಿದ ಬಳಿಕ ಹೆದ್ದಾರಿ ದಾಟಿ ಬಿಡಾರ ಸೇರಬೇಕಾದ ನಮ್ಮ ವಾಚಕರಿಗೆ ಇದು ದೂರದ ಸುದ್ದಿಯಲ್ಲ.

ರಸ್ತೆಯಲ್ಲಿಯೇ ಬೆಳಕನ್ನು ಹುದುಗಿಸುವ ಉಪಾಯ ಹಳೆಯದು. 1934ರಲ್ಲಿ ಇಂಗ್ಲೆಂಡಿನ ಪರ್ಸಿ ಶಾ ಎಂಬವರು ಬೆಕ್ಕಿನ ಕಣ್ಣಿನಂತೆ ಹೊಳೆಯುವ ಗಾಜಿನ ಗುಬಟಿಗೆ ಪೇಟೆಂಟ್ ಪಡೆದರು. ಆದರೆ ಅದು ದಾರಿಯನ್ನು ತೋರಿಸುವುದೇ ಹೊರತು ದಾಟುವವನನ್ನಲ್ಲ. ಈ ಕೊರತೆಯನ್ನು ನೀಗಲು 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ದಾಟುವ ಪಟ್ಟೆಯ ಅಂಚಿನಲ್ಲಿ ಮಿನುಗುವ ಹಳದಿ ದೀಪಗಳನ್ನು ನೆಲದಲ್ಲಿ ಕೂರಿಸಲಾಯಿತು. ಅವುಗಳಿಗೆ ತಂತಿ ಎಳೆಯಲು ರಸ್ತೆ ಅಗೆಯಬೇಕಿತ್ತು. ಈಗ ಬಂದಿರುವ ತಂತಿರಹಿತ ದೀಪಗಳಿಗೆ ತಮ್ಮದೇ ಬ್ಯಾಟರಿಯುಂಟು. ಕೆಲವಕ್ಕೆ ಸೂರ್ಯನ ಬಿಸಿಲೇ ಆಹಾರ. ಕಂಬದ ಗುಂಡಿಯನ್ನು ಒತ್ತಿದೊಡನೆ ರೇಡಿಯೋ ಸಂಕೇತ ಹೊರಟು, ಎಲ್ಲ ದೀಪಗಳೂ ಏಕಕಾಲಕ್ಕೆ ಬರುವ ವಾಹನದತ್ತ ಮಿನುಗುತ್ತವೆ.

ಅಗೆತದ ವೆಚ್ಚ ಉಳಿಯುವುದು ನಿಜ. ಆದರೆ ಹಾಕುವುದು ಸುಲಭವಾದ ಮಾತ್ರಕ್ಕೆ ಕಾಪಾಡುವುದು ಸುಲಭವಾಗಲಾರದು. ಮುಂಬಯಿಯಂಥ ನಗರದಲ್ಲಿ ಮಳೆಗಾಲದ ನೀರು ದೀಪದೊಳಗೆ ಸೇರಬಾರದು. ಭಾರದ ಲಾರಿಗಳ ಚಕ್ರಕ್ಕೆ ಅದು ಒಡೆಯಬಾರದು. ಡಾಮರಿನ ಹೊಸ ಪದರ ಅದನ್ನು ಹೂಳಬಾರದು. ಬ್ಯಾಟರಿ ಸತ್ತ ದೀಪವಂತೂ ದೀಪವಿಲ್ಲದ್ದಕ್ಕಿಂತ ಅಪಾಯಕರ. ಗುಂಡಿ ಒತ್ತಿದವನು ನಂಬಿ ಹೆಜ್ಜೆ ಇಡುತ್ತಾನೆ. ಚಾಲಕನಿಗೆ ಏನೂ ಕಾಣುವುದಿಲ್ಲ.

ಆದುದರಿಂದ ಪ್ರಶ್ನೆ ಯಂತ್ರದ್ದಲ್ಲ, ಹೊಣೆಯದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 198ಎ ಕಲಮಿನಂತೆ, ರಸ್ತೆಯ ನಿರ್ಮಾಣ ಹಾಗೂ ನಿರ್ವಹಣೆಯ ಸುರಕ್ಷತಾ ನಿಯಮ ಮೀರಿದುದರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಅಧಿಕಾರಿಗೂ ಗುತ್ತಿಗೆದಾರನಿಗೂ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ದೀಪ ಹಾಕುವ ಗುತ್ತಿಗೆಯಲ್ಲಿಯೇ ಬ್ಯಾಟರಿ ಬದಲಿಸುವ ಅವಧಿ, ಕೆಟ್ಟದ್ದನ್ನು ಸರಿಪಡಿಸುವ ಗಡುವು, ಹೊಣೆಗಾರನ ಹೆಸರು ಇರತಕ್ಕದ್ದು. ಒಂದು ವರ್ಷ ಉರಿಯುವ ನೂರು ದೀಪಗಳಿಗಿಂತ ಹತ್ತು ವರ್ಷ ಉರಿಯುವ ಹತ್ತು ದೀಪಗಳೇ ಲೇಸು.

ಬೀದಿದೀಪ, ವೇಗತಡೆ, ಒಡೆಯದ ಕಾಲುದಾರಿ ಇವು ಮೊದಲು. ನೆಲದ ದೀಪ ಇವುಗಳಿಗೆ ಪೂರಕ, ಬದಲಿಯಲ್ಲ. ಅದನ್ನು ಹಾಕುವುದಾದರೆ, ಮಂತ್ರಿಗಳ ಮನೆಯ ಮುಂದಲ್ಲ, ರಾತ್ರಿಪಾಳಿಯ ಕೆಲಸಗಾರರು ಹೆದ್ದಾರಿ ದಾಟುವ ಕಡೆ ಮೊದಲು ಹಾಕಲಿ. ನಮ್ಮ ಸಂಘಗಳು ತಮ್ಮ ವಠಾರದ ಅಂಥ ಸ್ಥಳಗಳ ಪಟ್ಟಿ ಮಾಡಿ ನಗರಸಭೆಗೆ ಲಿಖಿತ ಮನವಿ ಸಲ್ಲಿಸಲಿ. ದುಡಿದು ಹಿಂದಿರುಗುವವನು ಕ್ಷೇಮವಾಗಿ ಮನೆ ಮುಟ್ಟುವುದು ಯಾರ ಕೃಪೆಯೂ ಅಲ್ಲ, ಅವನ ಹಕ್ಕು.